ಅತ್ತಿದ್ದು ಯಾರು? (ಭಾಗ 6)

ಕ್ಯಾಪ್ಷನ್ ಈ ಸಲಾನೂ ಉದ್ದ ಇದೆ. ಕಾಸ್ಟಿಂಗ್ ಇಂಟರ್ನಲ್ಸ್ ಇಟ್ಕೊಂಡು ಇದನ್ನ ಬರೀತಿದೀನಿ, ಬೈಬೇಡಿ.

2008ರ ಜನವರಿಯಲ್ಲಿ ಸಿಡ್ನಿ ಟೆಸ್ಟ್ ನಡೆದಾಗ ನಮ್ಮ ಬ್ಯಾಚಿನವರು ಅಂಗನವಾಡಿಗೂ ಹೋಗ್ತಿರಲಿಲ್ಲ. ಆದ್ರೂ ಆ ಜಗಳ ಗೊತ್ತಿಲ್ಲದವರು ಕಮ್ಮಿ. ಹರ್ಭಜನ್ ಸಿಂಗ್ ಅವರು ಆಂಡ್ರ್ಯೂ ಸೈಮಂಡ್ಸ್‌ರನ್ನ 'ಕೋತಿ' ಅಂದ್ರು ಅಂತ ಆಸ್ಟ್ರೇಲಿಯಾದವರ ದೂರು. ಮೊದಲು ಮೂರು ಟೆಸ್ಟ್ ನಿಷೇಧ. ಮೇಲ್ಮನವಿಯಲ್ಲಿ ಜನಾಂಗೀಯ ನಿಂದನೆ ಸಾಬೀತಾಗಲಿಲ್ಲ, ಬೈದಿದ್ದಕ್ಕೆ ಪಂದ್ಯದ ಸಂಭಾವನೆಯಲ್ಲಿ ಅರ್ಧ ದಂಡ ಬಿತ್ತು. ಆಗ ಕ್ಯಾಪ್ಟನ್ ನಮ್ಮ ಕುಂಬ್ಳೆ. (ಮುಂದಿನ ಪರ್ತ್ ಟೆಸ್ಟಲ್ಲಿ ಅವರ 600ನೇ ವಿಕೆಟ್ ಯಾರದು ಹೇಳಿ? ಸೈಮಂಡ್ಸ್‌ದೇ. ಕ್ಯಾಚ್ ದ್ರಾವಿಡ್‌ದು.)

ಮೂರು ವರ್ಷ ಆದ್ಮೇಲೆ, 2011ರ ಐಪಿಎಲ್‌ನಲ್ಲಿ, ಇಬ್ಬರೂ ಮುಂಬೈ ಇಂಡಿಯನ್ಸ್. ಒಂದೇ ಡ್ರೆಸ್ಸಿಂಗ್ ರೂಮ್. ಅಲ್ಲಿ ರಾಜಿ ಆಯ್ತು.

ನನಗೆ ಇಷ್ಟವಾಗೋದು ಇದರ ಮುಂದಿನ ಕಥೆ. ಹರ್ಭಜನ್ ಕ್ಷಮೆ ಕೇಳಿ ಅತ್ತುಬಿಟ್ರು ಅಂತ ಸೈಮಂಡ್ಸ್ 2018ರಲ್ಲಿ ಹೇಳಿದ್ರು. ನಾನ್ ಯಾವಾಗಪ್ಪಾ ಅತ್ತೆ, ಯಾಕೆ ಅಳ್ಬೇಕು ಅನ್ನೋ ಧಾಟಿಯಲ್ಲಿ ಹರ್ಭಜನ್ ತಕ್ಷಣ ಟ್ವೀಟ್ ಮಾಡಿದ್ರು. ಅಂದ್ರೆ ಜಗಳದಲ್ಲಿ ಏನಾಯ್ತು ಅನ್ನೋದರಲ್ಲೂ ಒಮ್ಮತ ಇಲ್ಲ, ರಾಜಿಯಲ್ಲಿ ಏನಾಯ್ತು ಅನ್ನೋದರಲ್ಲೂ ಇಲ್ಲ! ಹಾಗಾದ್ರೆ ಆ ರಾಜಿ ಸುಳ್ಳಾ? ನನಗೆ ಹಾಗನ್ನಿಸಲ್ಲ. ಒಂದೇ ತಂಡಕ್ಕೆ ಒಟ್ಟಿಗೆ ಆಡಿದ್ದಂತೂ ನಿಜ. 2022ರ ಮೇ ತಿಂಗಳಲ್ಲಿ ಸೈಮಂಡ್ಸ್ ಕಾರ್ ಅಪಘಾತದಲ್ಲಿ ತೀರಿಕೊಂಡಾಗ, 46 ವರ್ಷಕ್ಕೆ, ಆಘಾತ ಆಯ್ತು ಅಂತ ಬರೆದವರಲ್ಲಿ ಹರ್ಭಜನ್ ಕೂಡ ಇದ್ರು.

ಒಂದು ಮಾತ್ರ ಸರಿಹೋಗಿಲ್ಲ. ಸಿಡ್ನಿಗಿಂತ ಮುಂಚೆ, 2007ರಲ್ಲಿ ವಡೋದರಾ, ಮುಂಬೈ ಸ್ಟೇಡಿಯಂಗಳಲ್ಲಿ ಜನ ಸೈಮಂಡ್ಸ್‌ರನ್ನ ನೋಡಿ ಕೋತಿ ಥರ ಕೂಗಿದ್ರಲ್ಲ, ಆ ಗುಂಪಲ್ಲಿದ್ದವರು ಯಾರ ಹತ್ರ ಹೋಗಿ ರಾಜಿ ಮಾಡ್ಕೋತಾರೆ? ಆಟಗಾರರು ಬಿಟ್ಟ ಜಗಳಾನ ಕಾಮೆಂಟ್ಸಲ್ಲಿ ಇವತ್ತಿಗೂ ಆಡ್ತಿರೋರು ನಾವೇ.

ಈಗ ನನ್ನ ವಿಷಯ. ಸೆಕೆಂಡ್ ಪಿಯು ಕಬಡ್ಡಿ ಮ್ಯಾಚು, ಎದುರು ಟೀಮಿನ ರೈಡರ್ ಒಬ್ಬ. ನಾನು ಮುಟ್ಟಿದೆ ಅಂತ ನಾನು, ಮುಟ್ಟಿಲ್ಲ ಅಂತ ಅವನು. ಪಾಯಿಂಟ್ ಅವನಿಗೆ ಹೋಯ್ತು, ನಾವು ಸೋತ್ವಿ. ಆಮೇಲೆ ಗ್ರೌಂಡ್ ಹೊರಗೆ ಅವನೇ ಮೊದಲು ತಳ್ಳಿದ್ದು ಅಂತ ನನ್ನ ನೆನಪು. ನಾನು ಅವನ ಅಪ್ಪನ ಕೆಲಸ ಎತ್ತಿ ಒಂದು ಮಾತು ಅಂದೆ. ಅದು ಮಾತ್ರ ಇಬ್ಬರಿಗೂ ಒಂದೇ ಥರ ನೆನಪಿದೆ.

ಈಗ ಅವನು ನಮ್ಮದೇ ಸೆಕ್ಷನ್, ನಮ್ಮದೇ ಕಾಲೇಜ್ ಟೀಮ್. ಎರಡು ವರ್ಷದಿಂದ ಬರೀ ಪಾಸ್ ಕೊಡೋ ನೋಟ್ಸ್, ಅಷ್ಟೇ, ಅದೂ ಬೇರೆಯವರ ಕೈಲಿ. ತಳ್ಳಿದ್ದು ತಾನೇ ಅಂತ ಅವನು ಮೊದಲು ಒಪ್ಕೊಳ್ಲಿ ಅಂತ ಕಾಯ್ತಿದ್ದೆ.

ಟ್ಯಾಗ್ ಮಾಡಿಲ್ಲ ಕಣೋ, ಆದ್ರೆ ನೀನು ಓದ್ತೀಯ ಅಂತ ಗೊತ್ತು. ಯಾರು ಮೊದಲು ತಳ್ಳಿದ್ದು ಅನ್ನೋದನ್ನ ನಿನ್ನಿಷ್ಟದಂತೆ ಇಟ್ಕೋ. ಅಪ್ಪನ ಬಗ್ಗೆ ಅಂದಿದ್ದು ನನ್ನ ತಪ್ಪು. ಶನಿವಾರ ಪ್ರಾಕ್ಟೀಸ್‌ಗೆ ಅರ್ಧ ಗಂಟೆ ಮುಂಚೆ ಬಾ, ಇದನ್ನ ಮುಖಕ್ಕೆ ಮುಖ ಕೊಟ್ಟೇ ಹೇಳ್ಬೇಕು.