ಸತ್ತವರ ಲೆಕ್ಕವಿದೆ, ಕಾರಣದ ಲೆಕ್ಕವೆಲ್ಲಿದೆ?

ದೇಶದಲ್ಲಿ ಕ್ಯಾನ್ಸರ್‌ಗೆ ಬಲಿಯಾಗುವವರೆಷ್ಟು? ಮರಣ ದಾಖಲೆಗಳನ್ನು ಮುಂದಿಟ್ಟು ಇದಕ್ಕೆ ಉತ್ತರಿಸುವವರು, ಆ ದಾಖಲೆಗಳು ಹುಟ್ಟುವ ಬಗೆಯನ್ನೊಮ್ಮೆ ನೋಡಬೇಕು. 2020ರಲ್ಲಿ ನೋಂದಣಿಯಾದ ಮರಣಗಳ ಪೈಕಿ ವೈದ್ಯರು ಕಾರಣವನ್ನು ದೃಢೀಕರಿಸಿದ್ದು ಕೇವಲ ಶೇ. 22.5ಕ್ಕೆ. ಉಳಿದವರು ಯಾವ ಕಾಯಿಲೆಯಿಂದ ಸತ್ತರು? ದಾಖಲೆಯಲ್ಲಿ ವೈದ್ಯರ ಸಾಕ್ಷ್ಯವಿಲ್ಲ.

ಕಿರಿಮಂಜೇಶ್ವರದ ಓರ್ವ ಬಾಯಿ ಕ್ಯಾನ್ಸರ್ ರೋಗಿಯನ್ನು ಊಹಿಸಿಕೊಳ್ಳಿ. ಮಣಿಪಾಲದಲ್ಲಿ ಚಿಕಿತ್ಸೆ ಫಲಿಸದಾದಾಗ ಮನೆಯವರು ಅವರನ್ನು ಊರಿಗೆ ಕರೆತರುತ್ತಾರೆ. ಮನೆಯಲ್ಲೇ ಕೊನೆಯುಸಿರು, ಸಂಜೆಯೊಳಗೆ ದಫನ. ಬಳಿಕ ನೋಂದಣಿಗೆ ಹೋದವರು 'ವಯೋಸಹಜ' ಎಂದೋ 'ಹೃದಯಾಘಾತ' ಎಂದೋ ಬರೆಸಿದರೆ ಮುಗಿಯಿತು. ರೋಗ ಪತ್ತೆಹಚ್ಚಿದ ಕಡತ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಮರಣದ ಲೆಕ್ಕದಲ್ಲಿ ಆ ಕ್ಯಾನ್ಸರ್ ಇರುವುದೇ ಇಲ್ಲ.

ಹಾಗಂತ ಕಾನೂನು ಇಲ್ಲವೆಂದಲ್ಲ. ಕೊನೆಯ ಕಾಯಿಲೆಗೆ ಚಿಕಿತ್ಸೆ ನೀಡಿದ ವೈದ್ಯರು ಮರಣದ ಕಾರಣವನ್ನು ಶುಲ್ಕವಿಲ್ಲದೆ ಬರೆದುಕೊಡಬೇಕೆಂದು 1969ರ ಜನನ ಮರಣ ನೋಂದಣಿ ಕಾಯ್ದೆ ಹೇಳುತ್ತದೆ. ಆಸ್ಪತ್ರೆಯ ಹೊರಗೆ ಸತ್ತವರಿಗೆಂದೇ '4ಎ' ಎಂಬ ನಮೂನೆಯಿದೆ. ಮೃತರು ಬೀಡಿ ಸೇದುತ್ತಿದ್ದರೇ, ಹೊಗೆಸೊಪ್ಪು, ಅಡಿಕೆ ಜಗಿಯುತ್ತಿದ್ದರೇ, ಎಷ್ಟು ವರ್ಷಗಳಿಂದ ಎಂಬ ಪ್ರಶ್ನೆಗಳೂ ಮರಣ ವರದಿಯಲ್ಲಿವೆ. ಎಲೆ-ಅಡಿಕೆಯ ಈ ಕರಾವಳಿಯಲ್ಲಿ ಆ ಅಂಕಣಗಳನ್ನು ಪ್ರಾಮಾಣಿಕವಾಗಿ ತುಂಬಿದರೆ ಎಷ್ಟು ಸತ್ಯ ಹೊರಬೀಳಲಾರದು!

ಹಳ್ಳಿಗಳಲ್ಲಿ ಕ್ಯಾನ್ಸರ್ ಕಡಿಮೆ ಎಂಬ ನಂಬಿಕೆ ಈ ಕೊರತೆಯ ಕೂಸು. 2001-03ರ ಮರಣಗಳ ಬಗ್ಗೆ ಸಮೀಕ್ಷಕರು ಮನೆಮನೆಗೆ ತೆರಳಿ ವಿಚಾರಿಸಿದರು. ಆ ವಿವರಗಳನ್ನು ಓದಿ ವೈದ್ಯರು ಕಾರಣ ನಿರ್ಧರಿಸಿದರು. ಅದರ ಆಧಾರದಲ್ಲಿ 2012ರಲ್ಲಿ 'ಲ್ಯಾನ್ಸೆಟ್' ಪತ್ರಿಕೆ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ರಲ್ಲಿ ದೇಶದಲ್ಲಿ ಕ್ಯಾನ್ಸರ್‌ನಿಂದ ಸತ್ತವರು ಸುಮಾರು 5.56 ಲಕ್ಷ. ಅವರಲ್ಲಿ ಶೇ. 71 ಮಂದಿ 30ರಿಂದ 69ರ ವಯೋಮಾನದವರು. ಹಳ್ಳಿಗೂ ಪೇಟೆಗೂ ಮರಣ ಪ್ರಮಾಣದಲ್ಲಿ ಹೆಚ್ಚಿನ ವ್ಯತ್ಯಾಸವೇ ಇರಲಿಲ್ಲ! ಹೀಗಿರುವಾಗ, ಅರೆಬರೆ ದಾಖಲೆಯನ್ನು ನಂಬಿ ತಪಾಸಣೆ ಎಲ್ಲಿ, ಆಸ್ಪತ್ರೆ ಎಲ್ಲಿ ಎಂದು ತೀರ್ಮಾನಿಸುವುದು ನ್ಯಾಯವೇ?

ಸರಕಾರವನ್ನಷ್ಟೇ ದೂರಿ ನಾವು ನುಣುಚಿಕೊಳ್ಳುವಂತಿಲ್ಲ. ಮಗಳ ಸಂಬಂಧ ತಪ್ಪೀತೆಂಬ ಭಯದಿಂದ ಕ್ಯಾನ್ಸರನ್ನು ಬಚ್ಚಿಡುವ ಮನೆಗಳೆಷ್ಟಿಲ್ಲ? ಅಸಲಿಗೆ ಮರಣ ಪ್ರಮಾಣಪತ್ರದಲ್ಲಿ ಕಾರಣವನ್ನು ಕಾಣಿಸುವಂತಿಲ್ಲ ಎಂದು ಅದೇ ಕಾಯ್ದೆ ಹೇಳುತ್ತದೆ. ಮತ್ತೇಕೆ ಅಂಜಿಕೆ?

ಮನೆಯಲ್ಲಿ ಸಂಭವಿಸುವ ಪ್ರತಿ ಮರಣದ ಕಾರಣವನ್ನೂ ವಿಚಾರಿಸಿ ದಾಖಲಿಸುವ ವ್ಯವಸ್ಥೆಯನ್ನು ಸರಕಾರ ಮಾಡಲಿ. ಚಿಕಿತ್ಸೆಯ ಕಾಗದಗಳೊಂದಿಗೆ 21 ದಿನಗಳೊಳಗೆ ನೋಂದಣಿ ಮಾಡಿಸುವಂತೆ ಜಮಾಅತ್‌ಗಳು ಕುಟುಂಬಗಳಿಗೆ ನೆನಪಿಸಲಿ. ಸತ್ತವರ ಬಗ್ಗೆ ನಾವು ಬರೆಸುವ ಸುಳ್ಳಿಗೆ ಬೆಲೆ ತೆರುವವರು ಬದುಕಿರುವವರು.