ಶಿಳ್ಳೆಗೆ ಕಾಯದ ಗೋಲು

2023ರ ಮಾರ್ಚ್ 3ರಂದು ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ನಡೆದ ಇಂಡಿಯನ್ ಸೂಪರ್ ಲೀಗ್ ನಾಕೌಟ್ ಪಂದ್ಯದ ಕುರಿತ ವಾದ ಇನ್ನೂ ತಣ್ಣಗಾಗಿಲ್ಲ. ನಿಗದಿತ ಅವಧಿ ಗೋಲಿಲ್ಲದೆ ಮುಗಿದಿತ್ತು. ಹೆಚ್ಚುವರಿ ಅವಧಿಯ ಆರಂಭದಲ್ಲೇ ಬೆಂಗಳೂರು ಎಫ್‌ಸಿಗೆ ಫ್ರೀಕಿಕ್ ದೊರೆಯಿತು. ಕೇರಳ ಬ್ಲಾಸ್ಟರ್ಸ್ ತಡೆಗೋಡೆ ಕಟ್ಟಿಕೊಳ್ಳುವ ಗಡಿಬಿಡಿಯಲ್ಲಿದ್ದಾಗಲೇ ಸುನಿಲ್ ಚೆಟ್ರಿ ಚೆಂಡನ್ನು ಬಲೆಗೆ ಸೇರಿಸಿದರು. ರೆಫರಿ ಗೋಲನ್ನು ಮಾನ್ಯ ಮಾಡಿದರು. ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಮ್ಮ ತಂಡವನ್ನು ಮೈದಾನದಿಂದ ಹೊರಗೆ ಕರೆದೊಯ್ದರು.

ಗೋಡೆ ಸಿದ್ಧವಾಗುವವರೆಗೆ ಕಾಯುವುದು ಆಟದ ಸಭ್ಯತೆ ಎಂಬುದು ಕೇರಳದ ಅಭಿಮಾನಿಗಳ ದೂರು. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಎದುರಾಳಿಗಳು 9.15 ಮೀಟರ್ ದೂರ ನಿಲ್ಲಬೇಕೆಂಬುದು ಒದೆಯುವವನ ಅನುಕೂಲಕ್ಕಾಗಿ ಮಾಡಿದ ನಿಯಮ. ಆ ಅನುಕೂಲ ಬೇಡವೆಂದಾದರೆ ಅವನು ತಕ್ಷಣ ಒದೆಯಬಹುದು. ಶಿಳ್ಳೆಯೂ ಬೇಡ, ಗೋಡೆಯೂ ಬೇಡ ಎಂದು ರೆಫರಿಗೆ ಮೊದಲೇ ತಿಳಿಸಿದ್ದಾಗಿ ಚೆಟ್ರಿ ಪಂದ್ಯದ ನಂತರ ಹೇಳಿದರು. ತಪ್ಪೆಸಗಿದ ತಂಡಕ್ಕೆ ಸಾವರಿಸಿಕೊಳ್ಳಲು ವೇಳೆ ಕೊಡುವುದು ಯಾವ ನ್ಯಾಯ?

ಚೊಳಚಗುಡ್ಡದವನಾದ ನನಗೆ ಫುಟ್‌ಬಾಲಿಗಿಂತ ಮಟ್ಟಿ ಕುಸ್ತಿಯೇ ಹೆಚ್ಚು ಪರಿಚಿತ. ನಮ್ಮ ಸೀಮೆಯ ಕಣದಲ್ಲಿ ಪೈಲ್ವಾನರು ಪರಸ್ಪರ ಕೈ ಕೊಡುವಾಗಲೇ ಒಬ್ಬನು ಇನ್ನೊಬ್ಬನ ಕಾಲಿಗೆ ಕೈ ಹಾಕಿದರೆ ಸುತ್ತ ಕುಳಿತವರು ಛೀಮಾರಿ ಹಾಕುತ್ತಾರೆ. ಅದೇ, ಕೈ ಬಿಟ್ಟ ಮರುಕ್ಷಣ ಮೈಮರೆತು ನಿಂತವನ ಬೆನ್ನಿಗೆ ಮಣ್ಣು ತಗುಲಿದರೆ ಯಾರೂ ಮರುಗುವುದಿಲ್ಲ. ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆನ್ನುವ ಜಟ್ಟಿ ಎಲ್ಲ ಕಾಲದಲ್ಲೂ ಇದ್ದಾನೆ. ಕಣ ಬಿಟ್ಟು ತಂಡಸಮೇತ ಹೊರನಡೆದದ್ದು ಮಾತ್ರ ಹೊಸತು.

ಫುಟ್‌ಬಾಲಿನಲ್ಲಿ ನಿಜವಾದ ಅಲಿಖಿತ ಮರ್ಯಾದೆ ಬೇರೆಯೇ ಇದೆ. 1999ರ ಫೆಬ್ರುವರಿಯಲ್ಲಿ ಎಫ್‌ಎ ಕಪ್ ಪಂದ್ಯವೊಂದರಲ್ಲಿ ಶೆಫೀಲ್ಡ್ ಯುನೈಟೆಡ್ ಆಟಗಾರನೊಬ್ಬ ಗಾಯಗೊಂಡಾಗ ಅವರ ಗೋಲ್‌ಕೀಪರ್ ಚೆಂಡನ್ನು ಹೊರಗೆ ಒದ್ದರು. ಆರ್ಸೆನಲ್‌ನ ರೇ ಪಾರ್ಲರ್ ಅದನ್ನು ಎದುರಾಳಿಗೇ ಹಿಂದಿರುಗಿಸಲೆಂದು ಎಸೆದರೆ, ತಂಡಕ್ಕೆ ಹೊಸಬರಾಗಿದ್ದ ಕಾನು ನಡುವೆ ಹಿಡಿದು ಓವರ್‌ಮಾರ್ಸ್‌ಗೆ ಕೊಟ್ಟರು; ಗೋಲಾಯಿತು. ನಿಯಮದ ಪ್ರಕಾರ ಅದರಲ್ಲಿ ದೋಷವಿರಲಿಲ್ಲ. ಆದರೂ 2–1ರಿಂದ ಗೆದ್ದ ಆರ್ಸೆನ್ ವೆಂಗರ್ ತಾವಾಗಿಯೇ ಮರುಪಂದ್ಯಕ್ಕೆ ಮುಂದಾದರು.

ನಮ್ಮ ಭದ್ರಾವತಿಯ ಜಿ.ಆರ್. ವಿಶ್ವನಾಥ್ ಕ್ರಿಕೆಟ್‌ನಲ್ಲಿ ಮಾಡಿದ್ದೂ ಇದನ್ನೇ. 1980ರ ಮುಂಬೈ ಸುವರ್ಣ ಮಹೋತ್ಸವ ಟೆಸ್ಟ್‌ನಲ್ಲಿ ನಾಯಕರಾಗಿದ್ದ ಅವರು, ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್‌ರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ 171 ರನ್ ಸೇರಿಸಿದರು. ಭಾರತ 10 ವಿಕೆಟ್‌ಗಳಿಂದ ಸೋತಿತು. ವಿಶ್ವನಾಥ್ ಮತ್ತು ವೆಂಗರ್ ಸೌಜನ್ಯವನ್ನು ತಮ್ಮ ಕೈಯಿಂದ ಕೊಟ್ಟರು. ಬ್ಲಾಸ್ಟರ್ಸ್ ಅದನ್ನು ಎದುರಾಳಿಯಿಂದ ಬಾಕಿ ಸಾಲದಂತೆ ವಸೂಲಿಗೆ ಕೇಳಿತು.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ವಿಧಿಸಿತು, ಕೋಚ್‌ಗೆ 10 ಪಂದ್ಯಗಳ ನಿಷೇಧ ಹೇರಿತು. ದಂಡ ಭಾರಿಯಾಯಿತೆನ್ನುವವರ ಮಾತಿನಲ್ಲಿ ಹುರುಳಿರಬಹುದು. ಆದರೆ ಗೊಂದಲದ ಬೇರು ಉಳಿದೇ ಇದೆ: ಶಿಳ್ಳೆಗೆ ಕಾಯಬೇಕೇ, ಬೇಡವೇ ಎಂಬುದು ಒದೆಯುವವನಿಗೂ ರೆಫರಿಗೂ ಗೊತ್ತಿದ್ದರೆ ಸಾಲದು. ಅದನ್ನು ರೆಫರಿ ಗೋಲ್‌ಕೀಪರ್‌ಗೂ ಗ್ಯಾಲರಿಗೂ ಕಾಣುವಂತೆ ಕೈಯೆತ್ತಿ ತೋರಿಸುವುದನ್ನು ಫೆಡರೇಷನ್ ಕಡ್ಡಾಯ ಮಾಡಲಿ.