ಅಹ್ಮದ್ ಖಾನ್: ಬರೆಯದೆ ಉಳಿದ ಒಂದು ಜೀವನಚರಿತ್ರೆ

ಪ್ರತಿಭೆಯು ಆಶ್ರಯವಿದ್ದೆಡೆಗೆ ಸಾಗುವುದು ಹೊಸತಲ್ಲ. ವೇಂಗಿ ಮೂಲದ ಪಂಪನು ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿದ್ದೂ ಬನವಾಸಿಯನ್ನು ನೆನೆದನು. ಕನ್ನಡವು ಅವನನ್ನು ತನ್ನ ಆದಿಕವಿಯೆಂದೇ ಗೌರವಿಸಿತು. ಈ ಔದಾರ್ಯವು ಕ್ರೀಡಾಪಟುಗಳವರೆಗೆ ಚಾಚಿಲ್ಲ.

ಗ್ಲಾಸ್ಗೋದ ಕಲ್ಲುಕುಟಿಗ ಫರ್ಗಸ್ ಸೂಟರ್ 1878ರಲ್ಲಿ ಇಂಗ್ಲೆಂಡಿನ ಡಾರ್ವೆನ್ ತಂಡವನ್ನು ಸೇರಿದನು. ಹಣ ಪಡೆದು ಆಡುವುದಕ್ಕೆ ಅಲ್ಲಿ ಮನ್ನಣೆ ದೊರೆತದ್ದು 1885ರಲ್ಲಿ. ಇಂದು ವೃತ್ತಿಪರ ಫುಟ್‌ಬಾಲ್‌ನ ಚರಿತ್ರೆಯನ್ನು ಬರೆಯುವವರು ಸೂಟರನ ವಲಸೆಯನ್ನು ಬಿಟ್ಟು ಬರೆಯಲಾರರು.

1926ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅಹ್ಮದ್ ಖಾನರದೂ ವಲಸೆಯ ಬದುಕೇ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆಡಿದ ಅವರು ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡವನ್ನು ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಅವರೊಡನೆ ಅಲ್ಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ತಂಡವು 1949ರಿಂದ ಸತತ ಮೂರು ವರ್ಷ ಐಎಫ್‌ಎ ಶೀಲ್ಡ್ ಗೆದ್ದಿತು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಅವರಿದ್ದರು. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯದೆದುರು ಭಾರತ 10–1ರಿಂದ ಸೋತಾಗ ಆ ಒಂದು ಗೋಲು ಅವರದು. 2017ರಲ್ಲಿ ಅವರು ನಿಧನರಾದರು.

ಬಂಗಾಳವು ಅವರನ್ನು ಪಾಂಡವರಲ್ಲಿ ಒಬ್ಬರೆಂದು ಕರೆಯಿತು. ಭಾರತಕಥೆಯನ್ನು ಸಮಕಾಲೀನ ವೀರನಿಗೆ ಹೊಂದಿಸಿ ಹೇಳುವ ಮಾರ್ಗವನ್ನು ಪಂಪನಿಂದಲೇ ಪಡೆದ ಕನ್ನಡಕ್ಕೆ ಈ ಬಿರುದಿನ ಬೆಲೆ ತಿಳಿಯದ್ದಲ್ಲ. ಆದರೂ ಕನ್ನಡದ ಜೀವನಚರಿತ್ರೆಗಳು ಕವಿ, ಸಂತ, ರಾಜಕಾರಣಿಗಳ ಸುತ್ತಲೇ ಹೆಚ್ಚಾಗಿ ಸುಳಿದಿವೆ. ಅವರ ಆಟವನ್ನು ಕಣ್ಣಾರೆ ಕಂಡವರು ವಿರಳವಾಗುತ್ತಿದ್ದಾರೆ. ಹಳೆಯ ಪತ್ರಿಕೆಗಳು ಕಾಯಬಲ್ಲವು. ಆ ನೆನಪುಗಳು ಕಾಯಲಾರವು. ಸಂಶೋಧಕರು ಮೊದಲು ಸಂಗ್ರಹಿಸಬೇಕಾದುದು ಅವುಗಳನ್ನೇ.